ಬಯ್ಯುತ್ತ ಬಡಿದ ರೊಟ್ಟಿ

ಮುಂಡರಗಿಯಲ್ಲಿ ನಮ್ಮ ಪಕ್ಕದ ಮನೆಯವರು ಗುರೆಳ್ಳು ಹುರಿಯಲು ಕೂತರೆ ನನಗೆ ಕಚೇರಿಗೆ ತಡವಾಗುವುದು ಖಂಡಿತ. ಚೀಲ ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಅಂಗಳದಲ್ಲಿ ಸುಮ್ಮನೆ ನಿಂತುಬಿಡುತ್ತೇನೆ. ಕಪ್ಪತಗುಡ್ಡದ ಕಡೆ ಮೋಡ ಕವಿದು ಗಾಳಿ ಬೀಸುವ ದಿನವಾದರಂತೂ ಮುಗಿಯಿತು. ಆ ಘಮ ಮೂಗಿಗೆ ಬಡಿದದ್ದೇ ತಡ, ಬೆಟಗೇರಿಯ ಎಸ್ತರ್ ದೊಡ್ಡವ್ವನ ಅಡುಗೆಮನೆ, ಅಲ್ಲಿ ನಾನು ಕಳೆದ ಒಂದು ಮಳೆಗಾಲ, ರೊಟ್ಟಿ ಬಡಿಯುತ್ತ ಬಯ್ಯುತ್ತಿದ್ದ ಅವಳ ದನಿ, ಎಲ್ಲ ಒಟ್ಟಿಗೆ ಬಂದು ಎದುರು ನಿಲ್ಲುತ್ತವೆ. ಇದನ್ನೆಲ್ಲ ಸಾಹೇಬರಿಗೆ ಹೇಳಲಾಗುತ್ತದೆಯೇ? ಗ್ಯಾಸ್ ಮುಗಿದಿತ್ತು ಸರ್ ಅನ್ನುತ್ತೇನೆ. ದೊಡ್ಡವ್ವ ಕೇಳಿಸಿಕೊಂಡಿದ್ದರೆ ಆ ಒಂದು ಸುಳ್ಳಿಗೆ ವಾರವಿಡೀ ನನ್ನ ಜೊತೆ ಮಾತು ಬಿಡುತ್ತಿದ್ದಳು.

ನಾನು ಲಕ್ಷ್ಮೇಶ್ವರದವಳು. ಗದಗಿನ ಕಚೇರಿಯೊಂದರಲ್ಲಿ ಮೊದಲ ನೌಕರಿ ಸಿಕ್ಕಾಗ, ಬೇರೆ ಖೋಲಿ ಗೀಲಿ ಏನೂ ಬೇಡ, ನಮ್ಮ ಅಕ್ಕನ ಮನೆಯಲ್ಲೇ ಇರಬೇಕು ಎಂದು ಅವ್ವ ಹಟ ಹಿಡಿದಳು. ಅವ್ವನ ಅಕ್ಕನೇ ಎಸ್ತರ್ ದೊಡ್ಡವ್ವ. ಬೆಟಗೇರಿಯ ಮಗ್ಗದ ಓಣಿಯಲ್ಲಿ ಅವಳ ಮನೆ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹೊಲಿಗೆ ಮಷಿನ್ ಇಟ್ಟುಕೊಂಡು ಓಣಿಯ ಹೆಂಗಸರ ಜಂಪರು ಹೊಲಿಯುತ್ತಿದ್ದಳು. ಅವಳ ಮನೆಗೆ ಬಂದ ಮೊದಲ ವಾರವೇ ನನಗೆ ಗೊತ್ತಾಯಿತು, ನನ್ನ ಕಚೇರಿಯ ಕಾನೂನುಗಳು ಇವಳ ಕಾನೂನುಗಳ ಮುಂದೆ ಏನೂ ಅಲ್ಲ ಅಂತ.

ಭಾನುವಾರ ಸೂಜಿ ಹಿಡಿಯುವಂತಿಲ್ಲ. ಅಂಗಡಿಗೆ ಹೋಗುವಂತಿಲ್ಲ, ಕೊತ್ತಂಬರಿ ಬೇಕಾದರೂ ಶನಿವಾರವೇ ತಂದಿಡಬೇಕು. ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ಪ್ರಾರ್ಥನೆ ಆಗಬೇಕು, ನಾನು ಅರ್ಧಗಣ್ಣು ತೆರೆದು ಪಲ್ಯದ ಕಡೆ ನೋಡಿದರೆ ಅದೂ ಅವಳಿಗೆ ಹೇಗೋ ತಿಳಿಯುತ್ತಿತ್ತು. ಒಮ್ಮೆ ಬೇಡವಾದ ಗೆಳತಿಯೊಬ್ಬಳ ಫೋನು ಬಂತು. "ದೊಡ್ಡವ್ವಾ, ನಾ ಇಲ್ಲಂತ ಹೇಳಿಬಿಡು" ಅಂದೆ. ಅವಳು ಫೋನು ಎತ್ತಿ, "ಇದಾಳವಾ, ಇಲ್ಲೇ ಕುಂತಾಳ. ನಿನ್ನ ಕೂಡ ಮಾತಾಡಾಕ ಮನಸಿಲ್ಲಂತ" ಎಂದು ಹೇಳಿ ಇಟ್ಟುಬಿಟ್ಟಳು. ನಾನು ತಲೆ ಚಚ್ಚಿಕೊಂಡೆ.

"ಹಿಂಗ್ಯಾಕ ಮಾಡ್ತಿ ದೊಡ್ಡವ್ವಾ?"

"ಸುಳ್ಳ ಹೇಳಬ್ಯಾಡ ಅಂತ ದೇವರ ಆಜ್ಞಾ ಐತಿ. ನಿನ್ನ ಸಲುವಾಗಿ ನಾ ಆಜ್ಞಾ ಮೀರ್ಲೇನು?"

ಇಂಥವಳ ಬದುಕಿನಲ್ಲಿ ಒಂದೇ ಒಂದು ಕಡೆ ಗಂಟು ಬಿದ್ದಿತ್ತು. ಅದರ ಹೆಸರು ರಾಹೇಲವ್ವ. ದೊಡ್ಡವ್ವನ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ. ಅದೇ ಓಣಿಯ ಆ ತುದಿಯಲ್ಲಿ ಮನೆ. ದೊಡ್ಡವ್ವನ ಗಂಡ ತೀರಿಕೊಂಡ ದಿನ, ಹೆಣ ಅಂಗಳದಲ್ಲಿರುವಾಗ, ಕೂಡಿದ ಮಂದಿಯ ಮುಂದೆ ರಾಹೇಲವ್ವ ಎದೆ ಬಡಿದುಕೊಂಡು ಅತ್ತು, "ನೀ ಸರಿಯಾಗಿ ನೋಡ್ಕೊಂಡಿದ್ರ ನನ್ನ ಮೈದುನ ಬದುಕ್ತಿದ್ದ" ಅಂದುಬಿಟ್ಟಿದ್ದಳಂತೆ. ಅಂದೇ ಕೊನೆ. ಆಮೇಲೆ ಇಬ್ಬರ ನಡುವೆ ಒಂದು ಮಾತಿಲ್ಲ.

ನಮ್ಮ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಪ್ರಭುಭೋಜನ. ರೊಟ್ಟಿ ಮುರಿದು, ದ್ರಾಕ್ಷಾರಸದ ಪಾತ್ರೆ ಹಿಡಿದು ಪಾಸ್ಟರ್ ನಿಲ್ಲುತ್ತಾರೆ, ಜನ ಸಾಲಾಗಿ ಎದ್ದು ಮುಂದೆ ಹೋಗಿ ಮಂಡಿಯೂರುತ್ತಾರೆ. ಅದಕ್ಕೊಂದು ನೇಮ: ಯಾರ ಮೇಲಾದರೂ ಮನಸ್ತಾಪ ಇದ್ದರೆ ಮೊದಲು ಹೋಗಿ ರಾಜಿಯಾಗಬೇಕು, ಆಮೇಲೆ ದೇವರ ಮೇಜಿಗೆ ಬರಬೇಕು. ಹೆಚ್ಚಿನವರು ಇದನ್ನು ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ವಾರವೆಲ್ಲ ಗೋಡೆಯ ಸಲುವಾಗಿ ಜಗಳಾಡಿದವರೂ ಭಾನುವಾರ ಪಕ್ಕಪಕ್ಕದಲ್ಲೇ ಮಂಡಿಯೂರುತ್ತಾರೆ. ಆದರೆ ದೊಡ್ಡವ್ವ ಏಳುತ್ತಿರಲಿಲ್ಲ. ಎದೆಯಲ್ಲಿ ಸಿಟ್ಟು ಇಟ್ಟುಕೊಂಡು ಹೋದರೆ ಅದು ದೇವರಿಗೆ ಸುಳ್ಳು ಹೇಳಿದಂತೆ ಎಂಬುದು ಅವಳ ಲೆಕ್ಕ. ರಾಹೇಲವ್ವನೂ ಏಳುತ್ತಿರಲಿಲ್ಲ! ಇಡೀ ದೇವಾಲಯ ಎದ್ದು ಮುಂದೆ ಹೋದಾಗ ಖಾಲಿ ಬೆಂಚುಗಳ ನಡುವೆ ಇವರಿಬ್ಬರೇ ಉಳಿಯುತ್ತಿದ್ದರು, ಒಬ್ಬಳು ಕಿಟಕಿಯ ಹತ್ತಿರ, ಇನ್ನೊಬ್ಬಳು ಹಿಂದೆ ಬಾಗಿಲ ಹತ್ತಿರ. ಮೊದಲ ಸಲ ನೋಡಿದಾಗ ನನಗೆ ನಗು ಬಂತು. ಮನೆಗೆ ಬಂದ ಮೇಲೆ ದೊಡ್ಡವ್ವ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಕೂತದ್ದು ನೋಡಿದಾಗ ನಗು ಹೋಯಿತು. ಆ ಮೇಜಿಗೆ ಹೋಗಲಾರದ್ದು ಅವಳಿಗೆ ಊಟ ಬಿಟ್ಟದ್ದಕ್ಕಿಂತ ದೊಡ್ಡ ಹಸಿವಾಗಿತ್ತು.

ಆ ವರ್ಷ ಮಳೆ ಜೋರಿರಲಿಲ್ಲ, ಆದರೆ ಬಿಡಲೂ ಇಲ್ಲ. ಹರ್ತಿ ಕಡೆಯಿಂದ ಬರುವವರು ಹೆಸರಿನ ಬೆಳೆ ಚೆನ್ನಾಗಿ ಎದ್ದಿದೆ ಅನ್ನುತ್ತಿದ್ದರು. ನಮ್ಮ ಓಣಿಯಲ್ಲಿ ಮಾತ್ರ ಬಟ್ಟೆ ಒಣಗುತ್ತಿರಲಿಲ್ಲ, ಹಿತ್ತಲಿನ ಕಲ್ಲೆಲ್ಲ ಪಾಚಿ. ಅಂಥ ಒಂದು ಮುಂಜಾನೆ ರಾಹೇಲವ್ವ ನೀರಿನ ಕೊಡ ಹಿಡಿದು ಜಾರಿ ಬಿದ್ದು ಕಾಲು ಮುರಿದುಕೊಂಡಳು. ತೊಡೆಯವರೆಗೂ ಪ್ಲಾಸ್ಟರ್ ಹಾಕಿ ಮನೆಗೆ ಕಳಿಸಿದರು. ಅವಳಿಗೂ ಗಂಡ ಇರಲಿಲ್ಲ; ಮಗಳನ್ನು ಶಿರಹಟ್ಟಿಗೆ ಕೊಟ್ಟಿತ್ತು, ಅವಳು ತುಂಬು ಬಸುರಿ, ಬರುವ ಹಾಗಿರಲಿಲ್ಲ. ಪಕ್ಕದ ಮನೆಯ ಬೀಬಿಜಾನ್ ಚಾಚಿ ಬೆಳಿಗ್ಗೆ ಮೈ ತೊಳೆಸಿ, ಚಹಾ ಕೊಟ್ಟು, ಬಳೆಯ ಗಾಡಿ ತಳ್ಳಿಕೊಂಡು ವ್ಯಾಪಾರಕ್ಕೆ ಹೋಗಬೇಕು. ಮಧ್ಯಾಹ್ನದ ಊಟಕ್ಕೆ ಯಾರು?

ಸುದ್ದಿ ದೊಡ್ಡವ್ವನ ಕಿವಿಗೂ ಬಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ರೊಟ್ಟಿ ಎಂದಿಗಿಂತ ಹೆಚ್ಚಾಗಿವೆ, ಅಟ್ಟದ ಮೇಲಿನ ಸ್ಟೀಲಿನ ಡಬ್ಬಿ ಕೆಳಗಿಳಿದಿದೆ.

"ಕೃಪಾ, ಕಚೇರಿಗೆ ಹೋಗೂ ಮುಂದ ಇದನ್ನ ಆಕಿ ಮನ್ಯಾಗ ಇಟ್ಟು ಹೋಗು."

"ಯಾರ ಮನ್ಯಾಗ?" ಗೊತ್ತಿದ್ದೇ ಕೇಳಿದೆ.

"ನನ್ನ ವೈರಿ ಮನ್ಯಾಗ! ವೈರಿ ಹಸದಿದ್ರ ಉಣ್ಣಾಕ ಕೊಡು ಅಂತ ದೇವರು ಹೇಳ್ಯಾನ. ನನಗೇನು ಹುರುಪು ಬಂದಿಲ್ಲ."

ಅಲ್ಲಿಂದ ಶುರುವಾಯಿತು. ದಿನವೂ ಒಲೆಯ ಮುಂದೆ ಕೂತು, ಒಂದೊಂದು ರೊಟ್ಟಿಗೂ ಒಂದೊಂದು ಬೈಗುಳ. "ಸೊಕ್ಕಿನಾಕಿ! ಕಾಲಾಗ ಕಣ್ಣಿಲ್ಲ! ಪಾಚಿಗಟ್ಟಿದ ಕಲ್ಲಿನ ಮ್ಯಾಲ ಯಾರರ ಕೊಡಾ ಹೊತ್ತು ಹೋಗತಾರೇನು?" ಟಪಟಪ ಬಡಿತ, ನಡುನಡುವೆ ಬೈಗುಳ. ನನಗೋ ಬಾಯಿ ಸುಮ್ಮನಿರುವುದಿಲ್ಲ.

"ದೊಡ್ಡವ್ವಾ, ಹಿಂಗ ಬಯ್ಕೊಂತ ಬಡದ ರೊಟ್ಟಿ ಆಕಿಗೆ ಅರಗತೈತೇನು?"

"ಉಣ್ಣಾಕ ಕೊಡು ಅಂದಾನ. ಬಯ್ಬ್ಯಾಡ ಅಂತ ಎಲ್ಲಿ ಅಂದಾನ?"

"ಬಯ್ಯೋರಿಗೂ ಆಶೀರ್ವಾದ ಮಾಡ್ರಿ ಅಂತನೂ ಹೇಳ್ಯಾನಲ್ಲ?"

"ಅದನ್ನ ಮುಂದಿನ ತಿಂಗಳು ನೋಡೂಣು. ನಿನಗ ಬಸ್ಸಿಗೆ ಹೊತ್ತಾತು, ನಡಿ."

ನಾನು ಆಗ ಹೊಸದಾಗಿ ನೌಕರಿಗೆ ಸೇರಿದವಳು, ದೊಡ್ಡ ದೊಡ್ಡ ಮಾತಾಡುತ್ತಿದ್ದೆ. ದೇವರಿಗೆ ಬೇಕಾದದ್ದು ಪ್ರೀತಿ, ಪ್ರೀತಿಯಿದ್ದರೆ ಆಜ್ಞೆಗಳೆಲ್ಲ ತಾವಾಗಿಯೇ ನಡೆಯುತ್ತವೆ, ಪ್ರೀತಿಯಿಲ್ಲದೆ ಪಾಲಿಸಿದ್ದು ಬರೀ ದುಡಿತ ಎಂದು ಊಟಕ್ಕೆ ಕೂತಾಗ ಭಾಷಣ ಮಾಡಿದೆ. ದೊಡ್ಡವ್ವ ಮಜ್ಜಿಗೆ ಬಡಿಸುತ್ತ ಕೇಳಿಸಿಕೊಂಡಳು. "ಆತು. ನಿನಗ ಪ್ರೀತಿ ಐತಲ್ಲ, ನೀನ ನಾಳೆ ರೊಟ್ಟಿ ಬಡದು ಕಳಸು" ಅಂದಳು. ಮರುದಿನ ನಾನು ಬಡಿದ ರೊಟ್ಟಿಯನ್ನು ಅವಳೇ ನಾಯಿಗೆ ಹಾಕಿದಳು, ಅದು ಬೇರೆ ಮಾತು. ಅಲ್ಲಿಗೆ ನನ್ನ ಭಾಷಣ ಮುಗಿಯಿತು.

ಆದರೆ ನಾನು ಕಣ್ಣು ಬಿಟ್ಟುಕೊಂಡೇ ಇದ್ದೆ. ಮೊದಮೊದಲು ಡಬ್ಬಿಗೆ ಬೀಳುತ್ತಿದ್ದದ್ದು ಮನೆಯಲ್ಲಿ ಮಾಡಿದ್ದರಲ್ಲಿ ಒಂದು ಪಾಲು, ಅಷ್ಟೇ. ಕೆಲವು ದಿನವಾದ ಮೇಲೆ ಆ ಡಬ್ಬಿಯ ಪಲ್ಯಕ್ಕೆ ಖಾರ ಕಡಿಮೆಯಾಯಿತು, ಯಾಕೆಂದರೆ ರಾಹೇಲವ್ವನಿಗೆ ಖಾರ ಸೇರುವುದಿಲ್ಲ. ಆಮೇಲೆ ರೊಟ್ಟಿ ತೆಳ್ಳಗಾದವು. ಅವಳಿಗೆ ಹಲ್ಲು ಸರಿಯಿಲ್ಲವಂತೆ. ಒಂದು ಬೆಳಿಗ್ಗೆ ಎದ್ದರೆ ಮನೆಯೆಲ್ಲ ಗುರೆಳ್ಳಿನ ಘಮ. ರಾಹೇಲವ್ವನಿಗೆ ಗುರೆಳ್ಳು ಚಟ್ನಿ ಅಂದರೆ ಪ್ರಾಣ ಎಂದು ನನಗೆ ಹೇಳಿದ್ದು ಬೀಬಿಜಾನ್ ಚಾಚಿ. "ಇದೇನ ದೊಡ್ಡವ್ವಾ, ಆಕಿ ಸಲುವಾಗಿ ಮಾಡಿದಿ?" ಅಂದರೆ, "ನನಗ ತಿನಬೇಕು ಅನಿಸಿತ್ತು, ಮಾಡೀನಿ. ನಿನಗ್ಯಾಕ ಬೇಕು ಉಸಾಬರಿ?" ಎಂದು ರೇಗಿದಳು. ದೊಡ್ಡವ್ವನಿಗೆ ಗುರೆಳ್ಳು ತಿಂದರೆ ಪಿತ್ತವಾಗುತ್ತದೆ, ಅದನ್ನೂ ನಾನು ಬಲ್ಲೆ.

ಅತ್ತಲಿಂದಲೂ ಏನೋ ನಡೆದಿತ್ತು. ನಮ್ಮಲ್ಲಿ ಯಾರದಾದರೂ ಪಾತ್ರೆ ಹಿಂದಿರುಗಿಸುವಾಗ ಬರಿದಾಗಿ ಕೊಡುವುದಿಲ್ಲ. ಮೊದಲ ವಾರ ರಾಹೇಲವ್ವ ಡಬ್ಬಿ ಬರಿದಾಗಿಯೇ ಕೊಟ್ಟಳು. ಆಮೇಲೆ ಒಂದು ದಿನ ಒಳಗೆ ಒಂದು ಹಿಡಿ ಕರಿಬೇವು. ಮತ್ತೊಂದು ದಿನ ಲಿಂಬೆಹಣ್ಣು. ದೊಡ್ಡವ್ವ ಅದನ್ನು ಕೈಯಲ್ಲಿ ಹಿಡಿದು ತಿರುವಿ ತಿರುವಿ ನೋಡಿ, "ಇದನ್ಯಾಕ ಕಳಸಿದ್ಲು? ಏನರ ಅಂದ್ಲೇನು?" ಅನ್ನುತ್ತಿದ್ದಳು. ಏನೂ ಅನ್ನಲಿಲ್ಲ ಅಂದರೆ ಮುಖ ಸಪ್ಪಗಾಗುತ್ತಿತ್ತು. ಮರುದಿನ ಬೆಳಿಗ್ಗೆ ಮತ್ತೆ ಬೈಗುಳ ಶುರು, ಆದರೆ ಅದರಲ್ಲಿ ಮೊದಲಿನ ಕಸುವು ಇರಲಿಲ್ಲ.

ಇಷ್ಟರಲ್ಲಿ ಎಡವಟ್ಟಾಯಿತು. ಎಡವಟ್ಟು ಮಾಡಿದ್ದು ದೊಡ್ಡವ್ವನ ಸತ್ಯವೇ.

ಮಹಿಳೆಯರ ಕೂಟದ ದಿನ. ಕಚೇರಿಗೆ ರಜೆ ಇದ್ದುದರಿಂದ ನಾನೂ ಹೋಗಿದ್ದೆ. ಪಾಸ್ಟರ ಹೆಂಡತಿ ಪ್ರೀತಿಯ ಬಗ್ಗೆ ಬಹಳ ಚೆನ್ನಾಗಿ ಮಾತಾಡಿದರು. ಮಾತಾಡುತ್ತ ಮಾತಾಡುತ್ತ, "ಪ್ರೀತಿ ಅಂದ್ರ ಏನು ಅಂತ ನಮ್ಮ ಎಸ್ತರಮ್ಮಾರನ್ನ ನೋಡಿ ಕಲೀಬೇಕ್ರಿ. ಇಷ್ಟು ವರ್ಷದ ಮನಸ್ತಾಪ ಮರತು, ನೆಗೆಣ್ಣಿಗೆ ದಿನಾ ಊಟ ಕಳಸ್ತಾರ" ಅಂದರು. ಹೆಂಗಸರೆಲ್ಲ ತಿರುಗಿ ನೋಡಿದರು. ಯಾರಾದರೂ ಆಗಿದ್ದರೆ ತಲೆ ತಗ್ಗಿಸಿ ಸುಮ್ಮನೆ ಕೂರುತ್ತಿದ್ದರು. ಇವಳು ಎದ್ದು ನಿಂತಳು.

"ತಪ್ಪು ತಿಳಕೋಬ್ಯಾಡ್ರಿ ಅಮ್ಮಾರ. ಮನಸ್ತಾಪ ಏನೂ ಮರತಿಲ್ರಿ. ಪ್ರೀತಿ ಗೀತಿ ಏನೂ ಇಲ್ಲ. ವೈರಿಗೆ ಉಣ್ಣಾಕ ಕೊಡು ಅಂತ ಆಜ್ಞಾ ಐತಿ, ಕೊಡ್ತೀನಿ. ಅಷ್ಟ."

ಹೇಳಿ ಕೂತಳು. ತನಗೆ ಸಲ್ಲದ ಹೊಗಳಿಕೆ ಇಟ್ಟುಕೊಂಡರೆ ಅದೂ ಕಳವು ಎಂದು ಅವಳ ಭಾವನೆ. ಸೀರೆಯ ಚುಂಗಿಗೆ ಕಿಚ್ಚು ಹತ್ತಿದ ಹಾಗೆ ಆ ಮಾತು ಓಣಿಯ ಆ ತುದಿ ತಲುಪಲು ಸಂಜೆಯವರೆಗೂ ಬೇಕಾಗಲಿಲ್ಲ.

ಮರುದಿನ ನಾನು ಡಬ್ಬಿ ಒಯ್ದಾಗ ರಾಹೇಲವ್ವ ಅದನ್ನು ಮುಟ್ಟಲಿಲ್ಲ. ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು.

"ಹೊಳ್ಳಿ ಒಯ್ಯವಾ. ನಾ ಇಷ್ಟು ದಿನ ನಮ್ಮ ಎಸ್ತರ್ ಕಳಸ್ಯಾಳ ಅಂತ ಉಂಡೆ. ವೈರಿಗೆ ಹಾಕೂ ರೊಟ್ಟಿ ಅಂತ ಗೊತ್ತಿರಲಿಲ್ಲ."

ಸಿಟ್ಟಿನಿಂದ ಅಂದದ್ದಲ್ಲ. ಅವಳು ಅಳುತ್ತಿದ್ದಳು. ನಾನು ಡಬ್ಬಿ ಎತ್ತಿಕೊಂಡು ಬಂದೆ.

"ಬ್ಯಾಡಾದ್ರ ಬಿಡ್ಲಿ" ಅಂದಳು ದೊಡ್ಡವ್ವ. ಅಂದವಳು ಮರುದಿನವೂ ಡಬ್ಬಿ ಕಟ್ಟಿದಳು. "ಆಕಿ ತಗೋಬೇಕು ಅಂತ ಆಜ್ಞಾ ಇಲ್ಲ. ನಾ ಕೊಡಬೇಕು ಅಂತ ಐತಿ." ಡಬ್ಬಿ ಹಾಗೆಯೇ ತಿರುಗಿ ಬಂತು. ಅದರ ಮರುದಿನವೂ ಬಂತು. ರಾತ್ರಿ ದೊಡ್ಡವ್ವ ಆ ತಣ್ಣನೆಯ ರೊಟ್ಟಿಯನ್ನು ತಾನೇ ಉಣ್ಣುತ್ತಿದ್ದಳು, ನನಗೆ ಮುಟ್ಟಗೊಡುತ್ತಿರಲಿಲ್ಲ. ಈಗ ಬಡಿಯುವಾಗ ಬೈಗುಳವೂ ಇಲ್ಲ. ಆ ಬೈಗುಳವಿಲ್ಲದ ಬಡಿತ ಕೇಳಲು ನನಗೆ ಬಹಳ ಸಂಕಟವಾಗುತ್ತಿತ್ತು.

ಒಂದು ಸಂಜೆ ಬೀಬಿಜಾನ್ ಚಾಚಿ ಹೊಲಿಯಲು ಹಾಕಿದ್ದ ಜಂಪರು ಒಯ್ಯಲು ಬಂದಳು. ಕೂತವಳು ಮೆಲ್ಲಗೆ ಮಾತು ತೆಗೆದಳು.

"ಎಸ್ತರಕ್ಕಾ, ರಾಹೇಲವ್ವ ಭಾಳ ಸೊರಗ್ಯಾಳ್ರಿ. ಬರೇ ಚಾ, ಬಿಸ್ಕೀಟು ತಿನ್ನೂದು ನೋಡ್ತೀನಿ ನಾ. ಖಿಚಡಿ ಒಯ್ದ್ರ, 'ಎಸ್ತರ್ ಕಳಸಿದ್ಲು, ಈಗಷ್ಟ ಹೊಟ್ಟಿ ತುಂಬ ಉಂಡೆ' ಅಂತಾಳ. ಯಾರು ಕೇಳಿದ್ರೂ ಅದನ್ನ ಹೇಳ್ತಾಳ. ಹೊಟ್ಟಿ ತುಂಬ ಉಂಡಾಕಿ ಹಿಂಗ್ಯಾಕ ಸೊರಗ್ತಾಳ್ರಿ?"

ಮಷಿನ್ ನಿಂತಿತು. ದೊಡ್ಡವ್ವ ಜಂಪರು ಮಡಿಸಿ ಕೊಟ್ಟು ಚಾಚಿಯನ್ನು ಕಳಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಸುಳ್ಳ ಹೇಳ್ಯಾಳ."

"ಹೌದು ದೊಡ್ಡವ್ವಾ."

"ಓಣ್ಯಾಗ ನನ್ನ ಮಾನಾ ಹೋಗಬಾರ್ದು ಅಂತ ಆಕಿ ಸುಳ್ಳ ಹೇಳ್ಯಾಳ. ನಾ ಖರೇ ಹೇಳಿ ಆಕಿ ಮಾನಾ ಕಳದೆ."

ಮುಖ ಒರೆಸಿಕೊಂಡು ಎದ್ದಳು. ಹಿಟ್ಟು ನಾದಿದಳು, ರೊಟ್ಟಿ ಬಡಿದಳು, ಹೆಸರುಬೇಳೆ ಕುದಿಸಿದಳು. ಹೊರಗೆ ಜಿಟಿಜಿಟಿ ಮಳೆ. ಡಬ್ಬಿಯನ್ನು ಸೆರಗಿನ ಮರೆಯಲ್ಲಿ ಹಿಡಿದು ಹೊರಟೇಬಿಟ್ಟಳು. ನಾನು ಕೊಡೆ ಹಿಡಿದು ಹಿಂದೆಯೇ ಓಡಿದೆ. ಮಗ್ಗದ ಮನೆಯವರೆಲ್ಲ ಬಾಗಿಲಿಗೆ ಬಂದು ನೋಡಿದರು.

ರಾಹೇಲವ್ವನ ಮನೆಯ ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತಳು. ನಾನು ಎಲ್ಲಿ ತಿರುಗಿಬಿಡುತ್ತಾಳೋ ಎಂದು ಹೆದರಿದೆ. ಒಳಗಿನಿಂದ ದನಿ ಬಂತು.

"ಯಾಕ ಬಂದಿ? ದೇವರು ಕಳಿಸ್ಯಾನೇನು?"

"ಹೂಂ, ಅವನ ಕಳಿಸ್ಯಾನ" ಅನ್ನುತ್ತ ದೊಡ್ಡವ್ವ ಒಳಗೆ ಕಾಲಿಟ್ಟಳು. "ಮದ್ಲ ಪ್ರೀತಿ ಬರ್ಲಿ, ಆಮ್ಯಾಲ ರೊಟ್ಟಿ ಕಳಸೂಣು ಅಂತ ನಾ ಕುಂತಿದ್ರ ನೀ ಇಷ್ಟೊತ್ತಿಗೆ ಮಣ್ಣಾಗಿರ್ತಿದ್ದಿ. ಅವ ಹೇಳಿದ್ದಕ್ಕ ಮಾಡೀನಿ. ಮನಸ್ಸು ನನ್ನ ಮಾತು ಕೇಳೂದಿಲ್ಲ, ಕೈ ಕೇಳತೈತಿ. ಕೈಲೆ ಆಗೂದು ಮಾಡೀನಿ. ಅದರಾಗೂ ತಪ್ಪಾತು, ನಾಕು ಮಂದಿಯೊಳಗ ನಿನಗ ವೈರಿ ಅಂದೆ. ಬಯ್ಯಿ ಬೇಕಾದ್ರ. ಆದ್ರ ಉಣ್ಣು ಅಕ್ಕಾ."

ಅಕ್ಕಾ ಅಂದದ್ದು ಇಬ್ಬರಿಗೂ ಕೇಳಿಸಿತು. ರಾಹೇಲವ್ವ ಸೆರಗು ಬಾಯಿಗೆ ಒತ್ತಿಕೊಂಡಳು. "ಅವತ್ತ ನಾ ಹಂಗ ಅನಬಾರ್ದಿತ್ತು ಎಸ್ತರ್" ಅಂದಳು.

"ಖರೇನ ಅಂದಿ ಬಿಡು." ದೊಡ್ಡವ್ವನ ದನಿ ಸಣ್ಣಗಾಯಿತು. "ಆ ರಾತ್ರಿ ನನಗ ನಿದ್ದಿ ಹತ್ತಿಬಿಟ್ಟಿತ್ತು. ಎಚ್ಚರಾಗೂದ್ರಾಗ ಅವರು ಹೋಗಿದ್ರು. ನೀ ಅಂದದ್ದು ಖರೇ ಅಂತನ ನನಗ ಅಷ್ಟು ಚುಚ್ಚಿತು."

ಆ ಮಾತನ್ನು ಅವಳು ನಮ್ಮ ಅವ್ವನಿಗೂ ಹೇಳಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಅವಳು ಸಿಟ್ಟು ಹಿಡಿದು ಕೂತಿದ್ದಾಳೆ ಅಂದುಕೊಂಡಿದ್ದೆವು, ಅವಳು ಹೆದರಿ ಕೂತಿದ್ದಳು.

"ಹುಚ್ಚಿ!" ರಾಹೇಲವ್ವ ಮಂಚದ ಮೇಲಿಂದಲೇ ಕೈ ಚಾಚಿ ಅವಳ ಮೊಳಕೈ ಹಿಡಿದು ಎಳೆದು ಕೂರಿಸಿಕೊಂಡಳು. "ಅದಕ್ಕಿಂತ ಮದ್ಲ ಎಷ್ಟು ರಾತ್ರಿ ನಿದ್ದಿಗೆಟ್ಟಿ, ನಾ ನೋಡಿಲ್ಲೇನು? ಎಳೀ ಕೂಸಿನ್ನ ನೋಡಿಕೊಂಡಂಗ ನೋಡಿಕೊಂಡಿ ಅವನ್ನ. ನಿನ್ನಷ್ಟು ಯಾರೂ ಮಾಡ್ತಿರಲಿಲ್ಲ. ಮೈದುನ ಹೋದ ಸಂಕಟಕ್ಕ ಯಾರಿಗರ ಬಯ್ಯಬೇಕಾಗಿತ್ತು ನನಗ, ನೀ ಎದುರಿಗಿದ್ದಿ. ಮರುದಿನಾನ ಬಂದು ಹೇಳಬೇಕಿತ್ತು. ಸೊಕ್ಕು ನಂದು."

ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ನಾನು ಕೊಡೆ ಮಡಿಸುವ ನೆವದಲ್ಲಿ ಹೊರಗೆ ನಿಂತೆ. ಒಳಗಿನಿಂದ ಡಬ್ಬಿ ತೆರೆದ ಸದ್ದು, ಆಮೇಲೆ ರಾಹೇಲವ್ವನ ದನಿ: "ಬ್ಯಾಳಿಗೆ ಉಪ್ಪು ಕಡಿಮಿ ಆಗೈತಲ್ಲ?" ಇವಳು: "ಹಸದಾಕಿಗೆ ಮತ್ತ ನಾಲಿಗಿ ನೋಡು! ಸುಮ್ನ ಉಣ್ಣು."

ಮುಂದಿನ ತಿಂಗಳ ಮೊದಲ ಭಾನುವಾರ ಬಂದೇ ಬಂತು. ಇಡೀ ಸಭೆಗೆ ಸುದ್ದಿ ಗೊತ್ತಿತ್ತು. ಈ ಸಲ ಎಸ್ತರಮ್ಮ ಏಳುತ್ತಾಳೆ ಎಂದು ಎಲ್ಲರ ಕಣ್ಣು ಕಿಟಕಿಯ ಹತ್ತಿರದ ಬೆಂಚಿನ ಮೇಲೆ. ಸಾಲು ಮುಂದೆ ಹೋಯಿತು, ಮುಗಿಯಿತು. ದೊಡ್ಡವ್ವ ಏಳಲಿಲ್ಲ! ಆರಾಧನೆ ಮುಗಿದ ಕೂಡಲೇ ಪಾಸ್ಟರ್ ಅಯ್ಯನವರು, ಇನ್ನೂ ಹುಡುಗರು ಅವರು, ಗಾಬರಿಯಿಂದ ಬಂದು, "ಮತ್ತೇನಾತ್ರಿ ಎಸ್ತರಮ್ಮಾ?" ಎಂದು ಕೇಳಿದರು.

"ಏನಾಗೂದೈತ್ರಿ? ಆಕಿ ಅಲ್ಲಿ ಕಾಲು ಮುರಕೊಂಡು ಮಲಗ್ಯಾಳ. ದೇವರ ಮೇಜು ಇಬ್ಬರೂ ಕೂಡೇ ಬಿಟ್ಟೀವಿ, ನಾ ಒಬ್ಬಾಕಿನ ಹೆಂಗ ಬರ್ಲಿ? ನೀವ ಎಲ್ಲಾ ತಗೊಂಡು ಆಕಿ ಮನಿಗೆ ಬರ್ರಿ."

ಮಧ್ಯಾಹ್ನ ಅವರು ಬಂದರು. ರಾಹೇಲವ್ವನ ಮಂಚದ ಪಕ್ಕದ ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ, ತಟ್ಟೆ ಮತ್ತು ಸಣ್ಣ ಪಾತ್ರೆ ಇಟ್ಟರು. ಪ್ರಾರ್ಥನೆ ಆಯಿತು. ರೊಟ್ಟಿಯ ತುಣುಕು ಹಿಡಿದು ಮುಂದೆ ಬಂದರೆ, ಇವರಿಬ್ಬರಲ್ಲಿ ಹೊಸ ಜಗಳ.

"ಅಕ್ಕಗ ಮದ್ಲ ಕೊಡ್ರಿ, ದೊಡ್ಡಾಕಿ ಆಕಿ."

"ಬ್ಯಾಡ್ರಿ, ಮದ್ಲ ಆಕಿಗೆ ಕೊಡ್ರಿ. ಮನಿ ತನಕ ಬಂದಾಕಿ ಆಕಿ."

ಪಾಪ, ಅಯ್ಯನವರು ಕೈ ಚಾಚಿಕೊಂಡು ಆ ಕಡೆ ಈ ಕಡೆ ನೋಡುತ್ತ ನಿಂತರು. ಕೊನೆಗೆ ಅವರೇ ಜಾಣತನ ಮಾಡಿ ಒಂದು ತುಣುಕನ್ನು ಎರಡಾಗಿ ಮುರಿದು ಎರಡೂ ಕೈಯಿಂದ ಒಟ್ಟಿಗೆ ಕೊಟ್ಟರು. ದೊಡ್ಡವ್ವ ಅದನ್ನು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. ಅಷ್ಟು ಹಸಿದವಳು ಉಣ್ಣುವುದನ್ನು ನಾನು ಮತ್ತೆಲ್ಲೂ ನೋಡಿಲ್ಲ.

ಎಲ್ಲ ಮುಗಿದು ಚಹಾ ಕುಡಿಯುವಾಗ ಅಯ್ಯನವರಿಗೆ ಧೈರ್ಯ ಬಂತು. ನಗುತ್ತ ಕೇಳಿದರು, "ಆವತ್ತ ಕೂಟದಾಗ ಪ್ರೀತಿ ಗೀತಿ ಏನೂ ಇಲ್ಲ ಅಂದಿದ್ರಂತ. ಈಗರ ಬಂತೇನ್ರಿ ಎಸ್ತರಮ್ಮಾ?"

ದೊಡ್ಡವ್ವ ಚಹಾದ ಬಸಿಯನ್ನು ಕೆಳಗಿಟ್ಟು, ಸುಳ್ಳು ಬಾರದ ಹಾಗೆ ಒಂದು ಕ್ಷಣ ಯೋಚಿಸಿದಳು.

"ಬಂದೈತ್ರಿ ಅಯ್ಯಾರ. ಯಾವಾಗ ಬಂತೋ ನೋಡ್ಲಿಲ್ರಿ. ನಾ ರೊಟ್ಟಿ ಬಡಿಯೂದ್ರಾಗ ಇದ್ದೆ."